ಹಬ್ಬಕ್ಕೆ ಬಿಟ್ಟ ನೀರು

ನೀರು ಎಷ್ಟು ಗಡಸು ಎಂದು ತಿಳಿಯಲು ಹನಿ ಎಣಿಸಬೇಕು. ಸಣ್ಣ ಬಾಟಲಿಯಲ್ಲಿ ಗೆರೆಯ ಮಟ್ಟಕ್ಕೆ ನೀರು ಹಿಡಿದು, ಅದಕ್ಕೊಂದು ದ್ರಾವಣ ಬೆರೆಸಿ, ಚಿಟಿಕೆ ಪುಡಿ ಹಾಕಿ ಅಲುಗಿಸಿದರೆ ನೀರು ಕಪ್ಪು ದ್ರಾಕ್ಷಿಯ ರಸದಂತೆ ಕೆಂಪಾಗುತ್ತದೆ. ಆಮೇಲೆ ಮತ್ತೊಂದು ಸೀಸೆಯಿಂದ ಒಂದೊಂದೇ ಹನಿ ಬಿಡುತ್ತಾ ಹೋಗಬೇಕು. ಯಾವ ಹನಿಗೆ ಕೆಂಪು ಹೋಗಿ ನೀಲಿ ಬರುತ್ತದೋ ಅಲ್ಲಿಗೆ ಎಣಿಕೆ ಮುಗಿಯಿತು. ಹನಿ ಹೆಚ್ಚಾದಷ್ಟೂ ನೀರು ಗಡಸು. ನಮ್ಮ ಎರಡು ಬೋರ್‌ಗಳ ನೀರಿಗೆ ಹನಿ ಹಾಕುತ್ತಾ ಹಾಕುತ್ತಾ ನನ್ನ ಹೆಬ್ಬೆರಳು ನೋಯುತ್ತಿತ್ತು.

ಊರಿನ ಹೆಸರು ಬೇಡ. ಅಫಜಲಪುರ, ಆಳಂದ, ಜೇವರ್ಗಿ, ಈ ಮೂರು ತಾಲೂಕುಗಳಲ್ಲಿ ಯಾವುದಾದರೂ ಒಂದು ಪಟ್ಟಣದ ಹೊರಗಿನ ಹೊಸ ಬಡಾವಣೆ ಎಂದುಕೊಳ್ಳಿ. ಅಲ್ಲಿನ ನೀರಿನ ಟಾಕಿ ನೋಡಿಕೊಳ್ಳುವವನು ನಾನು. ಮೋಟರ್ ಚಾಲೂ ಮಾಡುವುದು, ಕೆಳಗಿನ ತೊಟ್ಟಿ ತುಂಬಿಸುವುದು, ಅದಕ್ಕೆ ಬ್ಲೀಚಿಂಗ್ ಪೌಡರಿನ ನೀರು ಬಿಡುವುದು, ಮೇಲಿನ ಟಾಕಿಗೆ ಏರಿಸುವುದು, ಓಣಿಗಳಿಗೆ ಸರದಿಯಂತೆ ನಳ ಬಿಡುವುದು ನನ್ನ ಕೆಲಸ. ಪೌಡರಿಗೆ ಒಂದು ಪ್ಲಾಸ್ಟಿಕ್ ಡ್ರಮ್ ಇದೆ. ಅದರ ತಳದ ಸಣ್ಣ ನಳದಿಂದ ಹನಿ ಹನಿಯಾಗಿ ತೊಟ್ಟಿಗೆ ಬೀಳುತ್ತದೆ. ಎಲ್ಲವನ್ನೂ ಆಯಾ ದಿನದ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು.

ಮಳೆಗಾಲ, ಚಳಿಗಾಲದಲ್ಲಿ ಭೀಮಾ ನದಿಯ ನೀರು ಬರುತ್ತದೆ. ಬೇಸಿಗೆಗೆ ಹೊಳೆ ಇಳಿದರೆ ಬೋರ್ ನೀರೇ ಗತಿ. ಆ ನೀರಿಗೆ ಸಾಬೂನು ನೊರೆ ಬರುವುದಿಲ್ಲ, ಕೊಡದ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬೇಳೆ ಬೇಯುವುದಿಲ್ಲ. ತೊಗರಿ ಬೆಳೆಯುವ ಸೀಮೆ ನಮ್ಮದು. ಬೇಳೆ ಬೇಯದ ನೀರನ್ನು ಇಲ್ಲಿ ಯಾರೂ ಒಳ್ಳೆಯ ನೀರು ಎನ್ನುವುದಿಲ್ಲ. ಬೇಳೆ ಬೇಯಿಸುವ ನೀರನ್ನು ಯಾರೂ ಕೆಟ್ಟದ್ದು ಎನ್ನುವುದಿಲ್ಲ. ನಾನೂ ಅದೇ ನಂಬಿಕೆಯಲ್ಲಿ ಬೆಳೆದವನು.

ಯುಗಾದಿಗೆ ಎರಡು ದಿನ ಮುಂಚೆ ನನ್ನ ಮನೆಯವಳು ಕುಕ್ಕರಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

"ನೋಡ್ರಿ, ಎಷ್ಟು ಸಲ ಸೀಟಿ ಹೊಡಸೇನಿ. ಒಂದರೆ ಬ್ಯಾಳಿ ಒಡದದ ಏನು? ಊರಿಗೆಲ್ಲ ನೀರು ಬಿಡೋ ಗಂಡನ್ನ ಕಟ್ಕೊಂಡು ನನಗೇನು ಬಂತು?"

"ನಾ ಏನ್ ನೀರು ಹಡೀತೇನೇನು? ಬೋರಿನ್ಯಾಗ ಬಂದದ್ದು ಬಿಡ್ತೇನಿ."

"ಹಳೀ ಬಾವಿ ಮೋಟರ್ ಚಾಲೂ ಅದ ಅಲ್ರಿ. ಹಬ್ಬದ ದಿನಕ್ಕರೆ ಸೀ ನೀರು ಬಿಡ್ರಿ. ಬರೇ ನಮಗ ಅಲ್ಲ, ಓಣಿ ಹೆಣಮಕ್ಕಳೆಲ್ಲ ನಿಮ್ಮ ಹೆಸರು ಹೇಳ್ತಾರ."

"ಬೈದು ಹೇಳ್ತಾರ."

"ಈಗ ಬೈಯಾಕತ್ತಾರ. ಹೋಳಿಗಿ ಚೆಂದ ಆದ್ರ ಹೊಗಳ್ತಾರ," ಎಂದು ನಕ್ಕಳು.

ಟಾಕಿಯ ಹಿಂದೆ ಕಲ್ಲಿನ ಹಳೆಯ ಬಾವಿ ಇದೆ. ಬಡಾವಣೆ ಏಳುವ ಮೊದಲು ಅಲ್ಲೆಲ್ಲ ಹೊಲ ಇತ್ತು, ಸುತ್ತಲಿನವರೆಲ್ಲ ಆ ಬಾವಿಯ ನೀರು ಕುಡಿಯುತ್ತಿದ್ದರು. ತುರ್ತಿಗೆ ಇರಲಿ ಎಂದು ಅದರ ಮೋಟರ್ ತೆಗೆದಿರಲಿಲ್ಲ, ಆದರೆ ಕುಡಿಯುವ ನೀರಿಗೆ ಅದನ್ನು ಬಳಸುವಂತಿರಲಿಲ್ಲ. ಅವತ್ತು ಸಂಜೆ ಹಗ್ಗಕ್ಕೆ ಡಬ್ಬಿ ಕಟ್ಟಿ ಬಾವಿಯಿಂದ ನೀರು ಎತ್ತಿದೆ. ಕಚೇರಿಯವರು ಕೊಟ್ಟಿದ್ದ ನೀರು ಪರೀಕ್ಷೆಯ ಪೆಟ್ಟಿಗೆ ತೆರೆದು ಹನಿ ಹಾಕಿದೆ. ಕೆಲವೇ ಹನಿಗೆ ನೀಲಿ ಬಂತು. ಅಷ್ಟು ಬೇಗ ನೀಲಿ ಬಂದದ್ದನ್ನು ನಾನು ಆ ಬೇಸಿಗೆಯಲ್ಲಿ ನೋಡಿರಲಿಲ್ಲ. ಬಾಯಿಗೆ ಹಾಕಿಕೊಂಡೆ. ಎಳನೀರಿನ ಹಾಗಿತ್ತು.

ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆಯ ಸೀಸೆಗಳೂ ಇದ್ದವು. ಅವುಗಳ ಒಳಗೆ ಔಷಧ ಹಚ್ಚಿ ಒಣಗಿಸಿದ ಕಾಗದದ ಪಟ್ಟಿ ಇರುತ್ತದೆ. ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಹೊಲಸು ಸೇರಿದ ನೀರಾದರೆ ಕಪ್ಪಾಗುತ್ತದೆ. ಆ ಸೀಸೆ ಕೈಗೆ ತೆಗೆದುಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಎರಡು ದಿನ ಕಾದರೆ ಹಬ್ಬವೇ ಮುಗಿಯುತ್ತದೆ ಎಂದು ಮತ್ತೆ ಪೆಟ್ಟಿಗೆಯಲ್ಲಿಟ್ಟೆ.

ಬಾವಿಯ ಸುತ್ತ ಈಗ ಮನೆಗಳಿವೆ, ಪ್ರತಿ ಮನೆಗೂ ಒಂದು ಸಂಡಾಸದ ಗುಂಡಿ ಇದೆ. ಆ ಮನೆಗಳ ಮುಂದೆಯೇ ದಿನಾ ಓಡಾಡುತ್ತಿದ್ದ ನನಗೆ ಅದು ಅವತ್ತು ಹೊಳೆಯಲಿಲ್ಲ.

ಅಮಾವಾಸ್ಯೆಯ ದಿನ ಮಧ್ಯಾಹ್ನ ತೊಟ್ಟಿ ಬರಿದು ಮಾಡಿ ಬಾವಿಯ ನೀರು ತುಂಬಿಸಿದೆ. ಪೌಡರ್ ಕಲಸುವಾಗ ಪಕ್ಕದ ಓಣಿಯ ಆಯಿ ಬಂದು ಗೇಟು ಹಿಡಿದು ನಿಂತಳು. ಆಕೆ ನಮ್ಮ ಬಡಾವಣೆಗೆಲ್ಲ ಹಿರಿಯಳು.

"ತಮ್ಮಾ, ನಾಳಿಗಿ ಬೇವು ಕಲಸ್ತೀವಿ. ದೇವರಿಗಿ ಹಿಡಿಯೋ ಬೇವಿನ್ಯಾಗ ನಿನ್ನ ಪೌಡರ್ ವಾಸನಿ ಹೊಡೀಬಾರ್ದು ನೋಡು."

"ಆಯಿ, ಹಾಕಲಾರ್ದೆ ನೀರು ಬಿಡಬಾರ್ದು ಅಂತ ಹುಕುಂ ಅದ."

"ನಿಮ್ಮ ಸಾಹೇಬ ಬೇವು ಕುಡ್ಯಾಕ ಇಲ್ಲಿ ಬರ್ತಾನೇನು? ಇದು ಸೀ ನೀರು. ನಮ್ಮ ಅತ್ತಿ ಇದನ್ನೇ ಕುಡದು ಮೊಮ್ಮಕ್ಕಳ ಮದಿವಿ ಮಾಡಿ ಸತ್ತಾಳ."

ನಮ್ಮ ಕಡೆ ಯುಗಾದಿಯ ಬೇವು ಎಂದರೆ ಕುಡಿಯುವ ಪಾನಕ. ಹೊಸ ಗಡಿಗೆಯಲ್ಲಿ ತಣ್ಣೀರು ಹಾಕಿ, ಬೇವಿನ ಹೂ, ಹುಣಸೆ, ಬೆಲ್ಲ, ಮಾವಿನಕಾಯಿ, ಪುಠಾಣಿ ಎನ್ನುವ ಹುರಿಗಡಲೆಯ ಹಿಟ್ಟು ಕಲಸಿ ದೇವರಿಗೆ ಹಿಡಿದು, ಬಂದವರಿಗೆಲ್ಲ ಕೊಡುತ್ತಾರೆ. ಆ ನೀರನ್ನು ಯಾರೂ ಕಾಯಿಸುವುದಿಲ್ಲ. ನಾನು ಡ್ರಮ್ಮಿನ ನಳ ಬಂದ್ ಮಾಡಿದೆ. ಪುಸ್ತಕದಲ್ಲಿ ನೀರಿನ ಮೂಲ ಎಂಬಲ್ಲಿ 'ಬೋರ್ ಒಂದು, ಬೋರ್ ಎರಡು' ಎಂದು ಬರೆದೆ. ಪೌಡರ್ ಎಂಬಲ್ಲಿ 'ಹಾಕಿದೆ' ಎಂದು ಬರೆದು ಸಹಿ ಮಾಡಿದೆ.

ಹಬ್ಬದ ದಿನ ಓಣಿಯಲ್ಲಿ ನಡೆದರೆ ಎಲ್ಲ ಬಾಗಿಲಿಂದಲೂ ಕರೆಯುತ್ತಿದ್ದರು. "ಬರ್ರಿ ಕಾಕಾ, ಬೇವು ಕುಡ್ದು ಹೋಗ್ರಿ. ಬ್ಯಾಳಿ ಬೆಣ್ಣಿ ಆಗಿದ್ದು ನೋಡ್ರಿ." ನನ್ನ ಮನೆಯವಳು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ನನಗೆ ಹೋಳಿಗೆ ಮಾಡಿ ಬಡಿಸಿದಳು, ತಾನು ಒಂದು ಚೂರೂ ತಿನ್ನಲಿಲ್ಲ. ಬೆಲ್ಲ ಕಡಿಮೆ ಹಾಕಿದ ಬೇವನ್ನು ಒಂದು ಲೋಟ ಕುಡಿದಳು. ಬಿಸಿಲಿತ್ತು, ಇನ್ನೊಂದು ಲೋಟ ಕುಡಿದಳು.

ಮರುದಿನ ಬೆಳಿಗ್ಗೆ ಓಣಿಯಲ್ಲಿ ವಾಂತಿ ಭೇದಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ಎದ್ದು ನಿಲ್ಲಲಾಗದೆ ಗೋಡೆ ಹಿಡಿದಳು. ಆಟೋದಲ್ಲಿ ದವಾಖಾನೆಗೆ ಕರೆದುಕೊಂಡು ಹೋದೆ. ಸಲಾಯಿನ್ ಹಚ್ಚಿದರು. ಸಕ್ಕರೆ ಕಾಯಿಲೆಯವರಿಗೆ ಇದು ಬಹಳ ಬೇಗ ಹೊಡೆಯುತ್ತದೆ, ಕಲಬುರಗಿಗೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಅವಳು ಆಡಿದ ಕೊನೆಯ ಮಾತು, "ನಳ ಬಿಡೋ ಟೈಮ್ ಆಯ್ತಲ್ರಿ, ನೀವು ಹೋಗ್ರಿ" ಎಂಬುದು. ಕಲಬುರಗಿ ಮುಟ್ಟುವ ಮೊದಲೇ ಹೋದಳು.

ಓಣಿಯ ಉಳಿದವರೆಲ್ಲ ಒಂದು ವಾರದಲ್ಲಿ ಎದ್ದು ಕುಳಿತರು.

ಅವಳನ್ನು ಮಣ್ಣು ಮಾಡಿ ಬಂದ ದಿನವೇ ರೊಟ್ಟಿ ಅಕ್ಕನ ಅಂಗಡಿಗೆ ಬೀಗ ಬಿದ್ದ ಸುದ್ದಿ ತಿಳಿಯಿತು. ಗಂಡ ಇಲ್ಲದ ಹೆಂಗಸು, ಎರಡು ಒಲೆ ಇಟ್ಟುಕೊಂಡು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಹಬ್ಬಕ್ಕೆ ಹೋಳಿಗೆಯ ಆರ್ಡರ್ ಹಿಡಿದಿದ್ದಳು. ಹೋಳಿಗೆ ಕೊಂಡವರ ಮನೆಗಳಲ್ಲೂ ಕಾಯಿಲೆ ಬಿದ್ದದ್ದರಿಂದ, ಅವಳ ಹೂರಣ ಹಳಸಿತ್ತು ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಆರೋಗ್ಯ ಇಲಾಖೆಯವರು ಬಂದು ತನಿಖೆ ಮುಗಿಯುವ ತನಕ ಒಲೆ ಹಚ್ಚಬಾರದು ಎಂದು ಬೀಗ ಹಾಕಿ ಹೋಗಿದ್ದರು. ಯಾರೋ ಅವಳ ಬಾಗಿಲಿಗೆ ಸಗಣಿ ಎಸೆದಿದ್ದರು.

ನನ್ನ ಮನೆಯವಳು ಹೋಳಿಗೆಯನ್ನೇ ತಿಂದಿರಲಿಲ್ಲ. ಇದು ನನಗೆ ಮಾತ್ರ ಗೊತ್ತಿತ್ತು.

ನಮ್ಮ ಕಚೇರಿಯ ಇಂಜಿನಿಯರ್ ಸಾಹೇಬರು ಅಷ್ಟರಲ್ಲಿ ಬಂದು, ತೊಟ್ಟಿಗೂ ಟಾಕಿಗೂ ಎರಡು ಪಟ್ಟು ಪೌಡರ್ ಹಾಕಿಸಿ, ಎಲ್ಲ ಪೈಪುಗಳನ್ನು ತೊಳೆಸಿದ್ದರು. ಕಾಯಿಲೆ ನಿಲ್ಲಿಸಲು ಅದು ಸರಿಯಾದ ಕ್ರಮವೇ. ಆದರೆ ನೀರಿನ ಮಾದರಿ ತೆಗೆದದ್ದು ತೊಳೆಸಿದ ಮೇಲೆ. ಹಬ್ಬದ ನೀರು ಟಾಕಿಯಲ್ಲೂ ಪೈಪಿನಲ್ಲೂ ಉಳಿದಿರಲಿಲ್ಲ.

ಮನೆಗೆ ಬಂದರೆ ನನ್ನ ತಂಗಿ ಅಡಿಗೆಮನೆ ತೊಳೆಯುತ್ತಿದ್ದಳು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಇಡಬಾರದು ಎಂದು ಕೊಡಗಳನ್ನೆಲ್ಲ ಹೊರಗೆ ತಂದು ಬಗ್ಗಿಸುತ್ತಿದ್ದಳು. ಕೊನೆಯ ಸ್ಟೀಲಿನ ಕೊಡ ಅವಳ ಸೊಂಟದಲ್ಲಿತ್ತು. ಹಬ್ಬದ ಬೆಳಿಗ್ಗೆ ನನ್ನ ಮನೆಯವಳು ತುಂಬಿ, ಮೇಲೆ ತಾಟು ಮುಚ್ಚಿ ದೇವರ ಮುಂದೆ ಇಟ್ಟ ಕೊಡ. ಅದಕ್ಕೆ ಹಚ್ಚಿದ ಕುಂಕುಮ ಹಾಗೇ ಇತ್ತು.

"ಅದನ್ನ ಚೆಲ್ಲಬ್ಯಾಡ ಬೇ!" ಎಂದು ಕೂಗಿದೆ.

"ಯಣ್ಣಾ, ಸತ್ತ ಮನ್ಯಾಗಿನ ನೀರು, ಇಟ್ಟು ಏನ್ ಮಾಡ್ತಿ?"

"ಕೆಳಗ ಇಡು. ಮುಟ್ಟಬ್ಯಾಡ."

ತಂಗಿ ನನಗೆ ತಲೆ ಕೆಟ್ಟಿದೆ ಎಂದು ಅಳಲು ಶುರು ಮಾಡಿದಳು. ನಾನು ಟಾಕಿಗೆ ಹೋಗಿ ಪೆಟ್ಟಿಗೆ ತಂದೆ. ಕೈಯನ್ನು ಸಾಬೂನಿನಿಂದ ತೊಳೆದೆ. ಸೀಸೆಯ ಒಳಬಾಯಿಗೆ ಬೆರಳು ತಾಗದಂತೆ ಮುಚ್ಚಳ ತೆಗೆದೆ. ಕೊಡವನ್ನು ಮೆಲ್ಲಗೆ ಬಗ್ಗಿಸಿ ಗೆರೆಯವರೆಗೆ ತುಂಬಿಸಿದೆ. ಇನ್ನೊಂದು ಸೀಸೆಗೆ ಬಾವಿಯಿಂದ ನೇರವಾಗಿ ಎತ್ತಿದ ನೀರು, ಮೂರನೆಯದಕ್ಕೆ ಬೋರ್ ನೀರು. ಚೀಟಿ ಬರೆದು ಅಂಟಿಸಿ, ಮೂರನ್ನೂ ಅವಳ ಹಳೆಯ ಸೀರೆಯಲ್ಲಿ ಸುತ್ತಿ ಜೋಳದ ಚೀಲಗಳ ನಡುವೆ ಇಟ್ಟೆ.

ಆ ಎರಡು ದಿನ ನಾನು ಒಂದು ವಹಿ ಹಿಡಿದು ಮನೆ ಮನೆಗೆ ಹೋದೆ. ಯಾರು ಹೋಳಿಗೆ ತಿಂದರು, ಯಾರು ಬೇವು ಕುಡಿದರು, ಯಾರಿಗೆ ಕಾಯಿಲೆ ಬಂತು ಎಂದು ಕೇಳಿ ಬರೆದುಕೊಂಡೆ. ರೊಟ್ಟಿ ಅಕ್ಕನ ಹೋಳಿಗೆ ಕೊಳ್ಳದ ಮನೆಗಳಲ್ಲೂ ಕಾಯಿಲೆ ಬಂದಿತ್ತು. ಹೊಲದ ಕಡೆ ಇರುವ ಒಂದು ಮನೆಯವರು ಅವಳ ಹೋಳಿಗೆಯನ್ನೇ ಉಂಡಿದ್ದರು, ಆದರೆ ನಮ್ಮ ನಳ ಅಲ್ಲಿಗೆ ಹೋಗುವುದಿಲ್ಲ. ಅವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಪ್ರಶ್ನೆ ಕೇಳಲು ಹೋದ ಮನೆಗಳಲ್ಲಿ ಜನ ನನ್ನನ್ನು ಕೂರಿಸಿ ಚಹಾ ಕೊಟ್ಟು ಸಮಾಧಾನ ಹೇಳುತ್ತಿದ್ದರು. ಆ ಚಹಾ ಕುಡಿಯುವುದು ಕಷ್ಟವಾಗುತ್ತಿತ್ತು.

ಮೂರನೆಯ ಬೆಳಿಗ್ಗೆ ಸೀರೆ ಬಿಚ್ಚಿದೆ. ಬೋರ್ ನೀರಿನ ಸೀಸೆ ಇಟ್ಟ ಹಾಗೇ ಇತ್ತು. ಬಾವಿಯದು ಕಪ್ಪು. ಅವಳ ಕೊಡದ್ದೂ ಕಾಡಿಗೆಯಂತೆ ಕಪ್ಪು.

ಸೀಸೆಗಳನ್ನು ಗಟಾರಿಗೆ ಸುರಿದರೆ ಮುಗಿಯುತ್ತಿತ್ತು. ಪುಸ್ತಕದಲ್ಲಿ ನನ್ನ ತಪ್ಪಿನ ಗುರುತು ಇರಲಿಲ್ಲ. ನನ್ನ ಹೆಂಡತಿ ಸತ್ತಿದ್ದಳು, ಯಾರೂ ನನ್ನ ಮೇಲೆ ಸಂಶಯ ಪಡುತ್ತಿರಲಿಲ್ಲ. ಆಮೇಲೆ ಬೀಗ ಬಿದ್ದ ಅಂಗಡಿಯ ಕಟ್ಟೆಯ ಮೇಲೆ ರೊಟ್ಟಿ ಅಕ್ಕ ಒಬ್ಬಳೇ ಕುಳಿತಿರುವುದು ಕಂಡಿತು. ಒಂದು ಹಾಳೆ ತೆಗೆದುಕೊಂಡು ನಡೆದದ್ದನ್ನೆಲ್ಲ ಬರೆದೆ. ಬಾವಿಯ ನೀರು ಬಿಟ್ಟವನು ನಾನು, ಪೌಡರ್ ಹಾಕದೆ ಇದ್ದವನು ನಾನು, ಪುಸ್ತಕದಲ್ಲಿ ಸುಳ್ಳು ಬರೆದವನು ನಾನು ಎಂದು ಬರೆದು ಸಹಿ ಮಾಡಿ ಸಾಹೇಬರ ಹತ್ತಿರ ಹೋದೆ.

ಸಾಹೇಬರು ಕೆಟ್ಟವರಲ್ಲ. ಇನ್ನೂ ಎಳೆಯ ವಯಸ್ಸು, ನಾಲ್ಕಾರು ಊರುಗಳ ನೀರು ಅವರೊಬ್ಬರ ತಲೆಯ ಮೇಲೆ. ಹಾಳೆಯನ್ನು ಎರಡು ಸಲ ಓದಿದರು. ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಈ ನೀರು ಎಲ್ಲಿಂದ ತೆಗೆದ್ರಿ?"

"ನಮ್ಮ ಮನಿ ಕೊಡದಾಗಿಂದ್ರಿ. ಹಬ್ಬದ ದಿನ ತುಂಬಿದ್ದು."

"ಮನಿ ಕೊಡದ ನೀರು ಮಾದರಿ ಆಗಂಗಿಲ್ಲ. ಅದರಾಗ ಯಾರ ಕೈ ಬಿದ್ದದ, ಯಾವ ಲೋಟ ಬಿದ್ದದ, ಯಾರಿಗಿ ಗೊತ್ತು? ನಳದ ಬಾಯಿ ಸುಟ್ಟು, ನೀರು ಹರಿಬಿಟ್ಟು ತೆಗೀಬೇಕು. ನಿಮಗ ಗೊತ್ತಿದ್ದದ್ದೇ."

"ಬಾವಿದೂ ಕಪ್ಪಾಗ್ಯಾದ್ರಿ."

"ಬಾವಿ ನಮ್ಮ ಲೆಕ್ಕದಾಗೇ ಇಲ್ಲ. ಅವತ್ತು ನೀರು ಬಿಟ್ಟದ್ದು ಬೋರಿಂದ ಅಂತ ನಿಮ್ಮದೇ ಅಕ್ಷರದಾಗ ಅದ. ನಾ ನಿಮ್ಮ ಅಕ್ಷರ ನಂಬ್ಲೋ, ನಿಮ್ಮ ಮಾತು ನಂಬ್ಲೋ?"

"ಅಕ್ಷರ ಸುಳ್ರಿ ಸಾಹೇಬ್ರ. ಅದನ್ನೇ ಬರಕೊಟ್ಟೇನಿ."

ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಮನೆಯವರು ಹೋಗ್ಯಾರ, ನಿಮ್ಮ ಮನಸ್ಸು ನೆಟ್ಟಗಿಲ್ಲ. ಮನಿಗಿ ಹೋಗಿ ಮಲಕೋರಿ. ಈ ಕಾಗದ ನಾ ಇಟ್ಕೋತೇನಿ."

ಇಟ್ಟುಕೊಂಡರು. ಎಲ್ಲಿಟ್ಟುಕೊಂಡರೋ ತಿಳಿಯದು. ಕೆಲವು ದಿನಗಳ ಮೇಲೆ ಬಂದ ವರದಿಯಲ್ಲಿ, ನೀರು ಗಡಸು, ಬೇರೆ ದೋಷ ಕಂಡುಬಂದಿಲ್ಲ ಎಂದಿತ್ತು. ತೊಳೆದ ಟಾಕಿಯ ನೀರಿಗೆ ಆ ಮಾತು ನಿಜವೇ ಆಗಿತ್ತು. ನನಗೆ ನೋಟಿಸ್ ಕೂಡ ಬರಲಿಲ್ಲ.

ನಾನು ಬೇರೆ ದಾರಿ ಹಿಡಿದೆ. ಬೆಳಿಗ್ಗೆ ನಳ ಬಿಡುವಾಗ ಟಾಕಿಯ ಹತ್ತಿರ ಕೂಡುವ ಜನರ ಮುಂದೆ ಬಾಯಿಬಿಟ್ಟು ಹೇಳಿದೆ. ತಪ್ಪು ನನ್ನದು, ರೊಟ್ಟಿ ಅಕ್ಕನದಲ್ಲ, ಬಾವಿಯ ನೀರು ಕೆಟ್ಟಿದೆ ಎಂದೆ. ಆಯಿ ನನ್ನ ಭುಜದ ಮೇಲೆ ಕೈ ಇಟ್ಟಳು.

"ತಮ್ಮಾ, ಹೆಣ್ತಿ ಹೋದ ದುಃಖದಾಗ ಮನಷ್ಯಾ ಎಲ್ಲಾ ತನ್ನ ಮ್ಯಾಲೇ ಹಾಕ್ಕೋತಾನ. ಅಂಥಾ ಸೀ ನೀರಿನ್ಯಾಗ ಏನು ಇರ್ತದ? ಬ್ಯಾಳಿ ಬೆಣ್ಣಿ ಆಗಿತ್ತು ಅವತ್ತು."

ಉಳಿದವರು ತಲೆಯಾಡಿಸಿದರು. ನಾನು ನನ್ನ ವಹಿ ತೆಗೆದು ಮನೆಗಳ ಲೆಕ್ಕ ಓದಲು ಹೋದೆ. ಒಬ್ಬೊಬ್ಬರೇ ಕೊಡ ಎತ್ತಿಕೊಂಡು ನಡೆದರು.

ರೊಟ್ಟಿ ಅಕ್ಕನ ಹೋಳಿಗೆಯ ಮಾದರಿ ಎಲ್ಲಿಯೂ ಸಿಗದೆ ಒಂದು ತಿಂಗಳಿಗೆ ಬೀಗ ತೆಗೆದರು. ಅವಳು ಒಲೆ ಹಚ್ಚಿ ರೊಟ್ಟಿ ಬಡಿದಳು. ಸಂಜೆಯ ತನಕ ಬುಟ್ಟಿ ಹಾಗೇ ಇತ್ತು. ನಾನು ದಿನಾ ಹೋಗಿ ಕೊಳ್ಳುತ್ತಿದ್ದೆ. ಹೀಗೆ ಕೆಲವು ದಿನ ನಡೆಯಿತು. ಒಂದು ಸಂಜೆ ಅವಳು ಒಲೆಯ ಕಲ್ಲುಗಳನ್ನು ಕಿತ್ತು ಜೋಡಿಸುತ್ತಿದ್ದಳು. ಭೂಸನೂರಿನಲ್ಲಿ ಅಣ್ಣನ ಮನೆ ಇದೆ, ಅಲ್ಲಿಗೆ ಹೋಗುತ್ತೇನೆ ಎಂದಳು.

"ಅಕ್ಕಾ, ನಾ ಬರಕೊಟ್ಟೇನಿ. ಎಲ್ಲರ ಮುಂದ ಹೇಳೇನಿ," ಎಂದೆ.

"ಗೊತ್ತದ ಅಣ್ಣಾ. ನೀವು ಹೇಳಿದ್ದು ಕೇಳಿ ನಾ ಅವತ್ತೊಂದು ರಾತ್ರಿ ಬರೋಬ್ಬರಿ ಮಲಗಿದ್ದೆ." ಕೈಯ ಮಸಿ ಒರೆಸಿಕೊಂಡಳು. "ಟಾಕಿಗಿ ಪೌಡರ್ ಹಾಕಿ ತೊಳದ್ರು. ಮಂದಿ ನಾಲಿಗಿಗಿ ಹಾಕಾಕ ಬರ್ತದೇನು?"

ಉಳಿದಿದ್ದ ರೊಟ್ಟಿಗಳನ್ನೆಲ್ಲ ಕಾಗದದಲ್ಲಿ ಸುತ್ತಿ ನನಗೇ ಕೊಟ್ಟಳು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಬಾವಿಯ ಮೋಟರಿನ ಪೈಪನ್ನು ನಾನೇ ಕತ್ತರಿಸಿ ಹಾಕಿದೆ. ಪೌಡರನ್ನು ಒಂದು ದಿನವೂ ತಪ್ಪಿಸಲಿಲ್ಲ. ಓಣಿಯ ಕೊನೆಯ ನಳದ ನೀರಿಗೆ ದಿನಾ ಔಷಧದ ಹನಿ ಹಾಕಿ, ಹಳದಿ ಬಣ್ಣ ಬರುತ್ತದೆಯೇ ಎಂದು ನೋಡುತ್ತೇನೆ. ಬಂದರೆ ಪೌಡರ್ ಅಲ್ಲಿಯವರೆಗೂ ಮುಟ್ಟಿದೆ ಎಂದು ಅರ್ಥ. ಬಾಗಿಲಲ್ಲಿ ನಿಂತವರು ಮೂಗು ಮುಚ್ಚಿಕೊಂಡು, "ಬಂದ್ರು ನೋಡು ಪೌಡರ್ ಕಾಕಾ" ಎನ್ನುತ್ತಾರೆ.

ಈ ವರ್ಷದ ಯುಗಾದಿಗೆ ನಾಲ್ಕು ದಿನ ಇರುವಾಗಲೇ ಆಯಿ ಬಂದಳು. ಹಬ್ಬಕ್ಕೆ ಬಾವಿಯ ನೀರು ಬಿಡು ಎಂದಳು. ಆಗುವುದಿಲ್ಲ ಎಂದೆ. ತಾವೇ ಸೇದಿಕೊಂಡಾರು ಎಂದು ಅಮಾವಾಸ್ಯೆಯ ಹಿಂದಿನ ದಿನ ನಾನೇ ಬಾವಿಗೆ ಪೌಡರ್ ಸುರಿದೆ. ಮರುದಿನ ಊರವರು ಟ್ರಾಕ್ಟರಿನ ಪಂಪು ತಂದು, ವಾಸನೆಯ ನೀರನ್ನೆಲ್ಲ ಎತ್ತಿ ಹೊರಗೆ ಚೆಲ್ಲಿದರು. ಸಂಜೆಯ ಹೊತ್ತಿಗೆ ತಳದಲ್ಲಿ ಹೊಸ ಸೆಲೆ ಒಡೆದು ತಿಳಿಯಾದ ನೀರು ನಿಂತಿತು.

ಹಬ್ಬದ ಬೆಳಿಗ್ಗೆ ಬಾವಿಯ ಕಟ್ಟೆಯ ಸುತ್ತ ಕೊಡಗಳ ಸಾಲಿತ್ತು. ನಾನು ಹೋದ ವರ್ಷದಿಂದ ಎತ್ತಿಟ್ಟಿದ್ದ ಬಾವಿ ನೀರಿನ ಕಪ್ಪು ಸೀಸೆಯನ್ನು ತೆಗೆದುಕೊಂಡು ಹೋಗಿ ಆಯಿಯ ಮುಂದೆ ಹಿಡಿದೆ. ಆಕೆ ಅದನ್ನು ನೋಡಿದಳು. ಬೊಗಸೆಯಲ್ಲಿ ಬಾವಿಯ ನೀರು ತುಂಬಿ ನನ್ನ ಮುಂದೆ ಹಿಡಿದಳು.

"ಕರ್ರಗ ಇರೋದು ನಿನ್ನ ಔಷಧ, ತಮ್ಮಾ. ನಮ್ಮ ನೀರು ನೋಡು, ಹ್ಯಾಂಗ ಬೆಳ್ಳಗ ಅದ."

"ಆಯಿ, ಕಾಸಿ ಆರಿಸಿ ಬೇವು ಕಲಸ್ರಿ. ಅಷ್ಟರೆ ಮಾಡ್ರಿ."

"ಕಾಸಿದ ನೀರಿನ ಬೇವು ಯಾವ ದೇವರು ಕುಡಿತಾನೋ?" ಎಂದಳು. ಸುತ್ತ ನಿಂತವರು ನಕ್ಕರು. ಅದರಲ್ಲಿ ಕೆಟ್ಟತನ ಇರಲಿಲ್ಲ, ಹಬ್ಬದ ನಗೆ ಅದು.

ಮನೆಗೆ ಬಂದು ನಳದ ನೀರಿನಲ್ಲಿ ಬೇಳೆ ಇಟ್ಟೆ. ಪೌಡರಿನ ವಾಸನೆ ಅಡಿಗೆಮನೆಯೆಲ್ಲ ತುಂಬಿತು. ಮಧ್ಯಾಹ್ನದ ತನಕ ಕುದಿಸಿದೆ. ಬೇಳೆ ಒಂದೊಂದೂ ಬಿಡಿಬಿಡಿಯಾಗಿ ತಳದಲ್ಲಿ ಕುಳಿತಿತ್ತು. ಅದನ್ನೇ ಉಪ್ಪು ಹಾಕಿಕೊಂಡು ಉಂಡೆ. ಅವಳ ಸ್ಟೀಲಿನ ಕೊಡ ಗೋಡೆಯ ಪಕ್ಕ ಬೋರಲಾಗಿತ್ತು.

ಓಣಿಯ ಎಲ್ಲ ಮನೆಗಳಿಂದ ಹೂರಣದ ವಾಸನೆ ಬರುತ್ತಿತ್ತು. ಅವರ ಬೇಳೆ ಚೆನ್ನಾಗಿ ಬೆಂದಿತ್ತು. ದವಾಖಾನೆಯಿಂದ ಮೊದಲೇ ಕೇಳಿ ತಂದಿಟ್ಟಿದ್ದ ಭೇದಿಯಾದವರಿಗೆ ನೀರಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪಾಕೀಟುಗಳನ್ನು ಚೀಲದಿಂದ ತೆಗೆದು, ಮನೆಗೆ ಎರಡರಂತೆ ಎಣಿಸಿ ನನ್ನ ಕಿಟಕಿಯ ಮೇಲೆ ಸಾಲಾಗಿ ಇಟ್ಟೆ. ಬಾಗಿಲು ತೆರೆದಿಟ್ಟುಕೊಂಡು, ಮೊದಲು ಯಾರು ಕರೆಯಲು ಬರುತ್ತಾರೆ ಎಂದು ಕಾಯುತ್ತಾ ಕುಳಿತೆ.